ಇಂಗ್ಲಿಷಿನ ಪದಪುಂಜ ಮತ್ತು ಉಪವಾಕ್ಯ: ಕನ್ನಡ ಬಲ್ಲವರು ಬೇರ್ಪಡಿಸಿ ಗುರುತಿಸುವ ಬಗೆ

‘ಆಫ್ಟರ್ ದ ರೇನ್’ ಎಂಬುದಕ್ಕೆ ಕನ್ನಡದಲ್ಲಿ ‘ಮಳೆಯ ನಂತರ’ ಎನ್ನುತ್ತೇವೆ. ‘ಆಫ್ಟರ್ ದ ರೇನ್ ಸ್ಟಾಪ್ಡ್’ ಎಂಬುದಕ್ಕೆ ‘ಮಳೆ ನಿಂತ ನಂತರ’ ಎನ್ನುತ್ತೇವೆ. ಕನ್ನಡದ ಕಿವಿಗೆ ಇವೆರಡೂ ಒಂದೇ ಬಗೆಯ ಮಾತುಗಳಾಗಿ ಕೇಳಿಸುತ್ತವೆ: ಎರಡೂ ‘ನಂತರ’ ಎಂಬಲ್ಲಿಗೆ ಬಂದು ನಿಲ್ಲುತ್ತವೆ, ಎರಡೂ ಮುಂದಿನ ಮಾತಿಗಾಗಿ ಕಾಯಿಸುತ್ತವೆ. ಇಂಗ್ಲಿಷ್ ವ್ಯಾಕರಣವಾದರೋ ಇವೆರಡನ್ನೂ ಬೇರೆ ಬೇರೆ ವರ್ಗಗಳಲ್ಲಿ ಇರಿಸುತ್ತದೆ. ಮೊದಲನೆಯದು ಫ್ರೇಸ್, ಅಂದರೆ ಪದಪುಂಜ. ಎರಡನೆಯದು ಕ್ಲಾಜ್, ಅಂದರೆ ಉಪವಾಕ್ಯ.

ಹನುಮಂತನಗರದ ನಮ್ಮ ಮನೆಯ ಮಹಡಿಗೆ ಪ್ರತಿ ಭಾನುವಾರ ಬೆಳಗ್ಗೆ ಇಂಗ್ಲಿಷ್ ವ್ಯಾಕರಣ ಕಲಿಯಲು ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಗೆ ಸೇರಿದ ಕೂಡಲೇ ಎಲ್ಲ ವಿಷಯಗಳನ್ನೂ ಇಂಗ್ಲಿಷಿನಲ್ಲಿ ಎದುರಿಸಬೇಕಾಗಿ ಬಂದವರು. ಅವರು ಪದಪುಂಜವನ್ನೂ ಉಪವಾಕ್ಯವನ್ನೂ ಅದಲುಬದಲು ಮಾಡುವುದು ಬುದ್ಧಿ ಸಾಲದೆ ಅಲ್ಲ. ತಮ್ಮ ತಾಯ್ನುಡಿಯು ವಾಕ್ಯವನ್ನು ಕಟ್ಟುವ ಕ್ರಮ ಒಂದು, ಇಂಗ್ಲಿಷ್ ಕಟ್ಟುವ ಕ್ರಮ ಇನ್ನೊಂದು ಎಂಬುದನ್ನು ಯಾರೂ ಅವರಿಗೆ ಬಿಡಿಸಿ ಹೇಳಿರುವುದಿಲ್ಲ. ಆದ್ದರಿಂದ ಇಲ್ಲಿ ಗುರುತಿಸುವ ವಿಧಾನವನ್ನು ಹೇಳುವುದರ ಜೊತೆಗೆ, ಕನ್ನಡ ಬಲ್ಲವರು ಎಲ್ಲಿ ಎಡವುತ್ತಾರೆ ಮತ್ತು ಏಕೆ ಎಡವುತ್ತಾರೆ ಎಂಬುದನ್ನೂ ವಿವರಿಸುತ್ತೇನೆ.

ಮೊದಲಿಗೆ ಹೆಸರುಗಳ ವಿಷಯ. ಉಪವಾಕ್ಯ ಎಂಬ ಪದದಲ್ಲಿರುವ ‘ಉಪ’ವು ಇದು ಯಾವಾಗಲೂ ಇನ್ನೊಂದರ ಕೈಕೆಳಗೆ ಇರುವಂಥದ್ದು ಎಂಬ ಭಾವನೆಯನ್ನು ಮೂಡಿಸುತ್ತದೆ. ಅದು ಸರಿಯಲ್ಲ. ವಾಕ್ಯದ ಪ್ರಧಾನ ಭಾಗವೂ ಇಂಗ್ಲಿಷಿನಲ್ಲಿ ಕ್ಲಾಜ್ ಎಂದೇ ಕರೆಸಿಕೊಳ್ಳುತ್ತದೆ. ‘ಬರ್ಡ್ಸ್ ಫ್ಲೈ’ ಎಂಬ ಎರಡೇ ಪದಗಳ ಪೂರ್ಣ ವಾಕ್ಯವೂ ಒಂದು ಕ್ಲಾಜ್. ಹಾಗೆಯೇ ಫ್ರೇಸ್ ಎಂಬುದಕ್ಕೆ ಕೆಲವರು ನುಡಿಗಟ್ಟು ಎಂದು ಬರೆಯುತ್ತಾರೆ. ನುಡಿಗಟ್ಟು ಎಂದರೆ ‘ಕಣ್ಣಿಗೆ ಮಣ್ಣೆರಚು’ ಎಂಬಂಥ ವಿಶೇಷಾರ್ಥದ ಮಾತು ಎಂದೇ ನಾವು ಶಾಲೆಯಲ್ಲಿ ಕಲಿತಿರುವುದರಿಂದ, ಆ ಪದವನ್ನು ಇಲ್ಲಿ ಬಳಸುವುದಿಲ್ಲ.

ಕೈಬಿಡಬೇಕಾದ ಎರಡು ಅಳತೆಗೋಲುಗಳು

ಉದ್ದವಾಗಿದ್ದರೆ ಉಪವಾಕ್ಯ, ಚಿಕ್ಕದಾಗಿದ್ದರೆ ಪದಪುಂಜ ಎಂದು ಬಹಳ ಮಂದಿ ಊಹಿಸುತ್ತಾರೆ. ‘ದ ಓಲ್ಡ್ ಬ್ಯಾನಿಯನ್ ಟ್ರೀ ನಿಯರ್ ದ ಬಸ್ ಸ್ಟಾಪ್ ಬಿಹೈಂಡ್ ಅವರ್ ಹೌಸ್’ ಎಂಬುದರಲ್ಲಿ ಹನ್ನೊಂದು ಪದಗಳಿವೆ. ಆದರೂ ಅದು ಪದಪುಂಜವೇ. ಆ ಹಳೆಯ ಆಲದ ಮರ ಏನು ಮಾಡಿತು, ಅದಕ್ಕೆ ಏನಾಯಿತು ಎಂಬುದನ್ನು ಹೇಳುವ ಒಂದು ಪದವೂ ಅಲ್ಲಿಲ್ಲ. ‘ಇಟ್ ಫೆಲ್’ ಎಂಬುದರಲ್ಲಿ ಎರಡೇ ಪದಗಳು, ಅದು ಉಪವಾಕ್ಯ.

ಎರಡನೆಯ ಅಳತೆಗೋಲು ಇನ್ನೂ ಹೆಚ್ಚು ಹಾನಿ ಮಾಡುವಂಥದ್ದು, ಏಕೆಂದರೆ ಅದನ್ನು ತರಗತಿಗಳಲ್ಲಿಯೇ ಹೇಳಿಕೊಡಲಾಗುತ್ತದೆ: ಪೂರ್ಣ ಅರ್ಥ ಕೊಟ್ಟರೆ ಉಪವಾಕ್ಯ, ಕೊಡದಿದ್ದರೆ ಪದಪುಂಜ. ಈ ಮಾತನ್ನು ನಂಬಿದವರು ‘ಬಿಕಾಸ್ ಇಟ್ ರೇನ್ಡ್’ ಎಂಬುದನ್ನು ಪದಪುಂಜ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ‘ಮಳೆ ಬಂದದ್ದರಿಂದ’ ಎಂಬಷ್ಟಕ್ಕೆ ಅರ್ಥ ಪೂರ್ತಿಯಾಗುವುದಿಲ್ಲ ಎಂಬುದು ನಿಜ, ಆದರೆ ಅದು ಉಪವಾಕ್ಯವಾಗುವುದಕ್ಕೆ ಅಡ್ಡಿಯಲ್ಲ. ಅರ್ಥದ ಪೂರ್ಣತೆಯು ಉಪವಾಕ್ಯವು ಸ್ವತಂತ್ರವೋ ಅಧೀನವೋ ಎಂಬುದನ್ನು ತಿಳಿಸುತ್ತದೆಯೇ ಹೊರತು, ಅದು ಉಪವಾಕ್ಯವೇ ಅಲ್ಲವೇ ಎಂಬುದನ್ನು ತಿಳಿಸುವುದಿಲ್ಲ. ಈ ಎರಡು ಪ್ರಶ್ನೆಗಳನ್ನು ಒಂದರೊಳಗೊಂದು ಬೆರೆಸದಿರುವುದು ಬಹಳ ಮುಖ್ಯ.

ಮೊದಲ ಹೆಜ್ಜೆ: ಕಾಲವನ್ನು ಹೊತ್ತ ಕ್ರಿಯಾಪದವನ್ನು ಹುಡುಕುವುದು

ಸರಿಯಾದ ಅಳತೆಗೋಲು ಇದು: ಪದಗಳ ಗುಂಪಿನಲ್ಲಿ ಕಾಲವನ್ನು ತೋರುವ ಒಂದು ಕ್ರಿಯಾಪದವಿದ್ದು, ಆ ಕ್ರಿಯಾಪದಕ್ಕೆ ಆ ಗುಂಪಿನೊಳಗೇ ಕರ್ತೃವಿದ್ದರೆ ಅದು ಉಪವಾಕ್ಯ. ಇಲ್ಲದಿದ್ದರೆ ಪದಪುಂಜ. ‘ಕ್ರಿಯಾಪದವಿದ್ದರೆ’ ಎಂದಷ್ಟೇ ಹೇಳದೆ ‘ಕಾಲವನ್ನು ತೋರುವ ಕ್ರಿಯಾಪದವಿದ್ದರೆ’ ಎಂದು ಹೇಳಿರುವುದನ್ನು ಗಮನಿಸಬೇಕು. ಎಲ್ಲ ಗೊಂದಲವೂ ಆ ಒಂದು ವಿಶೇಷಣವನ್ನು ಮರೆಯುವುದರಿಂದಲೇ ಹುಟ್ಟುತ್ತದೆ.

ಕಾಲವನ್ನು ಹೊತ್ತ ಕ್ರಿಯಾಪದವನ್ನು ಕಂಡುಹಿಡಿಯಲು ನಾನು ಹೇಳಿಕೊಡುವ ಪರೀಕ್ಷೆ ಸರಳವಾದದ್ದು. ವಾಕ್ಯವನ್ನು ಒಮ್ಮೆ ‘ಪ್ರತಿದಿನ’ ಎಂಬ ಅರ್ಥದಲ್ಲಿಯೂ ಮತ್ತೊಮ್ಮೆ ‘ನಿನ್ನೆ’ ಎಂಬ ಅರ್ಥದಲ್ಲಿಯೂ ಹೇಳಿ ನೋಡಬೇಕು. ಯಾವ ಪದ ರೂಪ ಬದಲಿಸುತ್ತದೆಯೋ ಅದೇ ಕಾಲವನ್ನು ಹೊತ್ತದ್ದು. ‘ಶಿ ವಾಂಟ್ಸ್ ಟು ಬೈ ಫ್ಲವರ್ಸ್’ ಎಂಬ ವಾಕ್ಯವನ್ನು ನಿನ್ನೆಗೆ ಒಯ್ದರೆ ‘ಶಿ ವಾಂಟೆಡ್ ಟು ಬೈ ಫ್ಲವರ್ಸ್’ ಆಗುತ್ತದೆ. ‘ವಾಂಟ್ಸ್’ ಬದಲಾಯಿತು, ‘ಬೈ’ ಇದ್ದಂತೆಯೇ ಉಳಿಯಿತು. ಎಂದಮೇಲೆ ‘ಟು ಬೈ ಫ್ಲವರ್ಸ್’ ಎಂಬುದರಲ್ಲಿ ಕೊಳ್ಳುವ ಕ್ರಿಯೆಯಿದ್ದರೂ ಕಾಲವಿಲ್ಲ, ಅದು ಪದಪುಂಜ. ಕನ್ನಡದಲ್ಲಿ ಇದು ‘ಹೂ ಕೊಳ್ಳಲು’ ಎಂದಾಗುತ್ತದೆ, ಅಲ್ಲಿಯೂ ‘ಕೊಳ್ಳಲು’ ಎಂಬುದು ಯಾವ ಕಾಲವನ್ನೂ ಹೇಳುವುದಿಲ್ಲ.

‘ಸೆಲ್ಲಿಂಗ್ ಫ್ಲವರ್ಸ್ ಇನ್ ಗಾಂಧಿ ಬಜಾರ್, ಶಿ ಎಜುಕೇಟೆಡ್ ಹರ್ ಚಿಲ್ಡ್ರನ್’ ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ಗಾಂಧಿ ಬಜಾರಿನಲ್ಲಿ ಹೂ ಮಾರುತ್ತಾ ಆಕೆ ಮಕ್ಕಳನ್ನು ಓದಿಸಿದಳು. ‘ಸೆಲ್ಲಿಂಗ್’ ಎಂಬುದು ‘ಮಾರುತ್ತಾ’ ಎಂಬುದರಂತೆಯೇ ತಾನಾಗಿ ನಿಲ್ಲಲಾರದು. ‘ಎಜುಕೇಟೆಡ್’ ಎಂಬುದನ್ನು ‘ಎಜುಕೇಟ್ಸ್’ ಎಂದು ಬದಲಾಯಿಸಿದರೂ ‘ಸೆಲ್ಲಿಂಗ್’ ಕದಲುವುದಿಲ್ಲ. ಹೀಗಾಗಿ ಮೊದಲ ಭಾಗ ಪದಪುಂಜ. ‘ಶಿ ಈಸ್ ಸೆಲ್ಲಿಂಗ್ ಫ್ಲವರ್ಸ್’ ಎಂದಾಗ ಮಾತ್ರ ಸ್ಥಿತಿ ಬೇರೆಯಾಗುತ್ತದೆ, ಏಕೆಂದರೆ ಅಲ್ಲಿ ‘ಈಸ್’ ಇದೆ ಮತ್ತು ಅದು ‘ವಾಸ್’ ಆಗಬಲ್ಲದು. ಕಾಲದ ಹೊರೆಯನ್ನು ಹೊತ್ತಿರುವುದು ‘ಈಸ್’, ‘ಸೆಲ್ಲಿಂಗ್’ ಅಲ್ಲ. ‘ಹ್ಯಾಸ್ ಬೀನ್ ಸೆಲ್ಲಿಂಗ್’ ಎಂಬ ಮೂರು ಪದಗಳ ಸರಪಣಿಯಲ್ಲಿಯೂ ಕಾಲವನ್ನು ಹೊತ್ತದ್ದು ಮೊದಲ ಕೊಂಡಿಯೊಂದೇ. ಇಡೀ ಸರಪಣಿಯನ್ನು ಒಂದೇ ಕ್ರಿಯಾಪದವೆಂದು ಎಣಿಸಬೇಕು. ‘ಕ್ಯಾನ್’, ‘ವಿಲ್’, ‘ಮಸ್ಟ್’ ಮುಂತಾದ ಸಹಾಯಕ ಕ್ರಿಯಾಪದಗಳನ್ನೂ ಇದೇ ವರ್ಗಕ್ಕೆ ಸೇರಿಸಬೇಕು. ‘ಮಸ್ಟ್’ ರೂಪ ಬದಲಿಸದಿದ್ದರೂ ಅದಕ್ಕೆ ಈ ಸ್ಥಾನವಿದೆ.

ಕ್ರಿಯಾಪದದ ಮೂರನೆಯ ರೂಪದಲ್ಲಿ ಅತ್ಯಂತ ದೊಡ್ಡ ಮೋಸವಿದೆ. ‘ದ ದೋಸೆ ಮೇಡ್ ಬೈ ಮೈ ಮದರ್’ ಎಂಬುದನ್ನು ಕಂಡ ಕೂಡಲೇ, ‘ಮೇಡ್’ ಎಂಬುದು ಭೂತಕಾಲದ ಕ್ರಿಯಾಪದ, ‘ದ ದೋಸೆ’ ಕರ್ತೃ, ಆದ್ದರಿಂದ ಇದು ಉಪವಾಕ್ಯ ಎಂದು ವಿದ್ಯಾರ್ಥಿಗಳು ತೀರ್ಮಾನಿಸುತ್ತಾರೆ. ಇಂಗ್ಲಿಷಿನ ಅನೇಕ ಕ್ರಿಯಾಪದಗಳಿಗೆ ಎರಡನೆಯ ರೂಪವೂ ಮೂರನೆಯ ರೂಪವೂ ಒಂದೇ ಆಗಿರುವುದರಿಂದ ಈ ತಪ್ಪು ಸಹಜ. ಇಂಥ ಸಂದರ್ಭದಲ್ಲಿ, ಎರಡೂ ರೂಪಗಳು ಬೇರೆ ಬೇರೆಯಾಗಿರುವ ಒಂದು ಕ್ರಿಯಾಪದವನ್ನು ಆ ಜಾಗದಲ್ಲಿ ಇಟ್ಟು ನೋಡಬೇಕು. ‘ದ ಲೆಟರ್ ರಿಟನ್ ಬೈ ಮೈ ಮದರ್’ ಎನ್ನುತ್ತೇವೆಯೋ, ‘ದ ಲೆಟರ್ ರೋಟ್ ಬೈ ಮೈ ಮದರ್’ ಎನ್ನುತ್ತೇವೆಯೋ? ಮೊದಲನೆಯದೇ ಸರಿ. ಹಾಗಾದರೆ ‘ಮೇಡ್’ ಕೂಡ ಇಲ್ಲಿ ಮೂರನೆಯ ರೂಪವೇ, ಅದಕ್ಕೆ ಕಾಲವಿಲ್ಲ, ಇಡೀ ಗುಂಪು ‘ಅಮ್ಮ ಮಾಡಿದ ದೋಸೆ’ ಎಂಬ ಪದಪುಂಜ. ‘ದ ದೋಸೆ ವಾಸ್ ಮೇಡ್ ಬೈ ಮೈ ಮದರ್’ ಎಂದರೆ ‘ವಾಸ್’ ಬಂದು ಅದು ಉಪವಾಕ್ಯವಾಗುತ್ತದೆ. ನಡುವೆ ಬಂದ ಒಂದೇ ಪದ ವರ್ಗವನ್ನು ಬದಲಿಸಿತು.

ಎರಡನೆಯ ಹೆಜ್ಜೆ: ಆ ಕ್ರಿಯಾಪದದ ಕರ್ತೃ ಯಾವುದು

ಕಾಲವನ್ನು ಹೊತ್ತ ಕ್ರಿಯಾಪದ ಸಿಕ್ಕಿದ ಮೇಲೆ, ಅದರ ಕರ್ತೃವನ್ನು ‘ಯಾರು’ ಅಥವಾ ‘ಯಾವುದು’ ಎಂಬ ಪ್ರಶ್ನೆಯಿಂದ ಹುಡುಕಬೇಕು. ಕನ್ನಡದಲ್ಲಿ ‘ಬಂದೆ’, ‘ಬಂದಳು’, ‘ಬಂದರು’ ಎಂಬ ಪ್ರತ್ಯಯಗಳೇ ಕರ್ತೃವನ್ನು ತಿಳಿಸುವುದರಿಂದ ನಾವು ಕರ್ತೃಪದವನ್ನು ಧಾರಾಳವಾಗಿ ಬಿಟ್ಟು ಮಾತನಾಡುತ್ತೇವೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಅಷ್ಟು ಪ್ರತ್ಯಯಸಂಪತ್ತಿಲ್ಲ. ‘ಕೇಮ್’ ಎಂದಷ್ಟೇ ಹೇಳಿದರೆ ಬಂದವರು ಯಾರೆಂದು ತಿಳಿಯದು. ಆದ್ದರಿಂದ ಅಲ್ಲಿ ಕರ್ತೃವನ್ನು ಹೇಳಲೇಬೇಕು. ಮಳೆ ಬರುವ ವಿಷಯದಲ್ಲಿ ಮಾಡುವವರು ಯಾರೂ ಇಲ್ಲದಿದ್ದರೂ ‘ಇಟ್ ರೇನ್ಸ್’ ಎಂದು ಒಂದು ‘ಇಟ್’ ಅನ್ನು ತಂದು ಕೂರಿಸುವುದು ಇದೇ ಕಾರಣಕ್ಕೆ. ಆಜ್ಞೆ ಮತ್ತು ವಿನಂತಿಗಳಲ್ಲಿ ಮಾತ್ರ ಕರ್ತೃ ಮರೆಯಾಗಿರುತ್ತದೆ: ‘ಗೆಟ್ ಡೌನ್ ಅಟ್ ಮೆಜೆಸ್ಟಿಕ್’ ಎಂಬುದರಲ್ಲಿ ‘ಯೂ’ ಅಡಗಿದೆ ಎಂದು ಭಾವಿಸಿ ಅದನ್ನು ಉಪವಾಕ್ಯವೆಂದೇ ಪರಿಗಣಿಸಬೇಕು.

‘ಹೂ’, ‘ವಿಚ್’, ‘ದಟ್’ ಎಂಬ ಸಂಬಂಧಾರ್ಥಕ ಪದಗಳೂ ಕರ್ತೃವಾಗಬಲ್ಲವು ಎಂಬುದು ಹೊಸಬರಿಗೆ ಬೇಗ ಹೊಳೆಯುವುದಿಲ್ಲ. ‘ದ ವುಮನ್ ಹೂ ಸೆಲ್ಸ್ ಫ್ಲವರ್ಸ್ ಇನ್ ಗಾಂಧಿ ಬಜಾರ್’ ಎಂಬುದನ್ನು ಕೊಟ್ಟು, ಇದು ಏನು ಎಂದು ಕೇಳಿದರೆ ಬಹುತೇಕ ಎಲ್ಲರೂ ಉಪವಾಕ್ಯ ಎನ್ನುತ್ತಾರೆ. ‘ಸೆಲ್ಸ್’ ಎಂಬ ಕಾಲವುಳ್ಳ ಕ್ರಿಯಾಪದವಿದೆ, ‘ದ ವುಮನ್’ ಎಂಬ ಕರ್ತೃವಿದೆ ಎಂಬುದು ಅವರ ವಾದ. ಆದರೆ ‘ಸೆಲ್ಸ್’ ಎಂಬುದರ ಕರ್ತೃ ‘ಹೂ’ ಆಗಿದೆ; ‘ದ ವುಮನ್’ ಇನ್ನೂ ತನ್ನ ಕ್ರಿಯಾಪದಕ್ಕಾಗಿ ಕಾಯುತ್ತಿದೆ. ಗಾಂಧಿ ಬಜಾರಿನಲ್ಲಿ ಹೂ ಮಾರುವ ಹೆಂಗಸು ಏನು ಮಾಡಿದಳು? ಅದನ್ನು ಇನ್ನೂ ಹೇಳಿಲ್ಲ. ಈ ಇಡೀ ಗುಂಪನ್ನು ತೆಗೆದು ಆ ಜಾಗದಲ್ಲಿ ‘ಶಿ’ ಎಂಬ ಒಂದೇ ಪದವನ್ನು ಇಡಬಹುದು. ಹಾಗೆ ಇಡಲು ಸಾಧ್ಯವಾಗುವುದೇ ಇಡೀ ಗುಂಪು ಪದಪುಂಜ ಎಂಬುದಕ್ಕೆ ಗುರುತು. ‘ಹೂ ಸೆಲ್ಸ್ ಫ್ಲವರ್ಸ್ ಇನ್ ಗಾಂಧಿ ಬಜಾರ್’ ಎಂಬುದು ಆ ಪದಪುಂಜದ ಒಳಗೆ ಕುಳಿತಿರುವ ಉಪವಾಕ್ಯ. ಆ ಉಪವಾಕ್ಯದ ಒಳಗೆ ಮತ್ತೆ ‘ಇನ್ ಗಾಂಧಿ ಬಜಾರ್’ ಎಂಬ ಇನ್ನೊಂದು ಪದಪುಂಜವಿದೆ. ಡಬ್ಬಿಯೊಳಗೊಂದು ಡಬ್ಬಿ ಇಟ್ಟಂತೆ ಇವು ಒಂದರೊಳಗೊಂದು ಇರುತ್ತವೆ ಎಂಬುದು ಮನಸ್ಸಿಗೆ ಬಂದರೆ, ‘ಇದು ಪದಪುಂಜವೋ ಉಪವಾಕ್ಯವೋ’ ಎಂದು ಕೇಳುವ ಮುನ್ನ ‘ಎಲ್ಲಿಂದ ಎಲ್ಲಿಯವರೆಗೆ’ ಎಂದು ಕೇಳುವ ಅಭ್ಯಾಸ ಬೆಳೆಯುತ್ತದೆ.

ಕನ್ನಡ ನಮ್ಮನ್ನು ಎಲ್ಲಿ ದಾರಿ ತಪ್ಪಿಸುತ್ತದೆ

ಕನ್ನಡವು ಉದ್ದನೆಯ ವಾಕ್ಯವೊಂದರಲ್ಲಿ ಸಾಮಾನ್ಯವಾಗಿ ಕೊನೆಯ ಕ್ರಿಯಾಪದಕ್ಕೆ ಮಾತ್ರ ಪೂರ್ಣರೂಪವನ್ನು ಕೊಟ್ಟು, ಹಿಂದಿನವುಗಳನ್ನೆಲ್ಲ ಕೃದಂತಗಳನ್ನಾಗಿಯೋ ಅಂಥ ಇತರ ಅಪೂರ್ಣ ರೂಪಗಳನ್ನಾಗಿಯೋ ಮಾಡಿಕೊಂಡು ಸಾಗುತ್ತದೆ. ‘ಬೆಳಗ್ಗೆ ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಬಸ್ಸು ಬಂದಾಗ ಹತ್ತಿದೆ’ ಎಂಬ ವಾಕ್ಯದಲ್ಲಿ ‘ಹತ್ತಿದೆ’ ಎಂಬುದೊಂದೇ ಪೂರ್ಣ ಕ್ರಿಯಾಪದ. ಇಂಗ್ಲಿಷ್ ಹೀಗಲ್ಲ, ಅದು ಕಾಲವುಳ್ಳ ಕ್ರಿಯಾಪದವನ್ನು ವಾಕ್ಯದ ಅನೇಕ ಕಡೆಗಳಲ್ಲಿ ಹಂಚುತ್ತದೆ. ‘ಎದ್ದು’, ‘ಮಾರುತ್ತಾ’, ‘ಕೊಳ್ಳಲು’ ಎಂಬಂಥ ರೂಪಗಳಿಗೆ ಇಂಗ್ಲಿಷಿನಲ್ಲಿಯೂ ಕಾಲವಿಲ್ಲದ ರೂಪಗಳೇ ಹೊಂದುವುದರಿಂದ ಅಲ್ಲಿ ಅಷ್ಟಾಗಿ ತೊಂದರೆಯಾಗುವುದಿಲ್ಲ. ತೊಂದರೆಯಿರುವುದು ‘ಬಂದರೆ’, ‘ಬಂದಾಗ’, ‘ಬಂದ ನಂತರ’, ‘ಬಂದದ್ದರಿಂದ’, ‘ಬಂದರೂ’ ಎಂಬ ರೂಪಗಳಲ್ಲಿ. ಇವು ಕನ್ನಡದಲ್ಲಿ ಅಪೂರ್ಣ ರೂಪಗಳು, ಆದರೆ ಇಂಗ್ಲಿಷಿನಲ್ಲಿ ಇವುಗಳ ಜಾಗದಲ್ಲಿ ಸಾಮಾನ್ಯವಾಗಿ ಕರ್ತೃವೂ ಕಾಲವೂ ಉಳ್ಳ ಉಪವಾಕ್ಯವೇ ಬರುತ್ತದೆ.

ಇದನ್ನು ಒಂದು ಜೋಡಿ ವಾಕ್ಯದಿಂದ ಕಣ್ಣಾರೆ ಕಾಣಬಹುದು. ‘ಬಸ್ಸು ಬಂದಾಗ ಹತ್ತಿದೆ’ ಮತ್ತು ‘ಬಸ್ಸು ಬಂದಾಗ ಹತ್ತುತ್ತೇನೆ’ ಎಂಬ ಎರಡೂ ವಾಕ್ಯಗಳಲ್ಲಿ ‘ಬಂದಾಗ’ ಹಾಗೆಯೇ ಇದೆ. ಕಾಲವನ್ನು ಕೊನೆಯ ಕ್ರಿಯಾಪದವೇ ನಿರ್ಧರಿಸುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ವೆನ್ ದ ಬಸ್ ಕೇಮ್’ ಎಂದೂ ಎರಡನೆಯದು ‘ವೆನ್ ದ ಬಸ್ ಕಮ್ಸ್’ ಎಂದೂ ಆಗುತ್ತದೆ. ನಮ್ಮ ‘ಬಂದಾಗ’ ಎಂಬುದಕ್ಕೆ ಇಲ್ಲದ ಕಾಲಭೇದ ಅವರ ‘ಕೇಮ್’ ಮತ್ತು ‘ಕಮ್ಸ್’ ರೂಪಗಳಿಗೆ ಇದೆ. ಆದ್ದರಿಂದ, ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡು ಆಮೇಲೆ ಪದಪುಂಜ, ಉಪವಾಕ್ಯ ಎಂದು ತೀರ್ಮಾನಿಸುವ ಪದ್ಧತಿಯನ್ನು ದಯವಿಟ್ಟು ಬಿಡಬೇಕು. ಪರೀಕ್ಷೆಯನ್ನು ಇಂಗ್ಲಿಷ್ ಪದಗಳ ಮೇಲೆಯೇ ನಡೆಸಬೇಕು.

ನಾಮಪದಕ್ಕೆ ವಿಶೇಷಣವಾಗಿ ಬರುವ ಮಾತುಗಳಲ್ಲಿಯೂ ಹೀಗೆಯೇ. ‘ನಾನು ಅವೆನ್ಯೂ ರಸ್ತೆಯಲ್ಲಿ ಕೊಂಡ ಪುಸ್ತಕ’ ಎಂಬುದರಲ್ಲಿ ‘ಕೊಂಡ’ ಎಂಬುದು ಕೃದಂತ. ‘ದ ಬುಕ್ ದಟ್ ಐ ಬಾಟ್ ಆನ್ ಅವೆನ್ಯೂ ರೋಡ್’ ಎಂಬುದರಲ್ಲಿ ‘ದಟ್’ ಇಂದ ಕೊನೆಯವರೆಗಿನದು ಉಪವಾಕ್ಯ. ಆಡುಮಾತಿನಲ್ಲಿ ‘ದಟ್’ ಅನ್ನು ಬಿಟ್ಟು ‘ದ ಬುಕ್ ಐ ಬಾಟ್’ ಎಂದರೂ ‘ಐ ಬಾಟ್’ ಎಂಬುದು ಉಪವಾಕ್ಯವಾಗಿಯೇ ಉಳಿಯುತ್ತದೆ. ಜೋಡಿಸುವ ಪದ ಕಾಣದಿದ್ದ ಮಾತ್ರಕ್ಕೆ ಉಪವಾಕ್ಯ ಇಲ್ಲವೆಂದಲ್ಲ.

ಇನ್ನೂ ಒಂದು ಉದಾಹರಣೆ ನನಗೆ ಬಹಳ ಪ್ರಿಯವಾದದ್ದು. ‘ಕಂಡಕ್ಟರ್ ಹೇಳಿದ್ದು ಸರಿ’ ಎಂಬ ವಾಕ್ಯದಲ್ಲಿ ಪೂರ್ಣ ಕ್ರಿಯಾಪದ ಒಂದೂ ಇಲ್ಲ, ಆದರೂ ಅದು ನಿರ್ದುಷ್ಟವಾದ ಕನ್ನಡ ವಾಕ್ಯ. ಅದನ್ನೇ ಇಂಗ್ಲಿಷಿನಲ್ಲಿ ‘ವಾಟ್ ದ ಕಂಡಕ್ಟರ್ ಸೆಡ್ ಈಸ್ ರೈಟ್’ ಎನ್ನಬೇಕಾದರೆ ‘ಸೆಡ್’ ಮತ್ತು ‘ಈಸ್’ ಎಂಬ ಎರಡು ಕಾಲವುಳ್ಳ ಕ್ರಿಯಾಪದಗಳು ಬೇಕಾಗುತ್ತವೆ, ಮತ್ತು ಅಷ್ಟೇ ಸಂಖ್ಯೆಯ ಉಪವಾಕ್ಯಗಳಾಗುತ್ತವೆ. ‘ಸೆಡ್’ ಎಂಬುದರ ಕರ್ತೃ ‘ದ ಕಂಡಕ್ಟರ್’. ‘ಈಸ್’ ಎಂಬುದರ ಕರ್ತೃ ‘ವಾಟ್ ದ ಕಂಡಕ್ಟರ್ ಸೆಡ್’ ಎಂಬ ಉಪವಾಕ್ಯವೇ. ‘ಇದು ನಮ್ಮ ಮನೆ’, ‘ಅವರ ಊರು ಮಾಗಡಿ’ ಎಂದು ಕ್ರಿಯಾಪದವಿಲ್ಲದೆ ವಾಕ್ಯ ಕಟ್ಟುವ ಸೌಕರ್ಯ ನಮಗಿದೆ. ಆ ಸೌಕರ್ಯ ಇಂಗ್ಲಿಷಿನಲ್ಲಿ ಇಲ್ಲದಿರುವುದರಿಂದ ‘ದಿಸ್ ಅವರ್ ಹೌಸ್’ ಎಂಬುದು ಅಲ್ಲಿ ವಾಕ್ಯವಾಗುವುದಿಲ್ಲ. ‘ಈಸ್’ ಸೇರಿದಾಗಲೇ ಅದು ಉಪವಾಕ್ಯವಾಗುತ್ತದೆ.

ಹಾಗೆಂದು ಕನ್ನಡದಿಂದ ಸಹಾಯವೇ ಇಲ್ಲವೆಂದು ತಿಳಿಯಬಾರದು. ‘ಅವಳು ಬರುತ್ತಾಳೆ ಎಂದು ಹೇಳಿದನು’ ಎಂಬ ವಾಕ್ಯದಲ್ಲಿ ‘ಬರುತ್ತಾಳೆ’ ಎಂಬುದಕ್ಕೂ ‘ಹೇಳಿದನು’ ಎಂಬುದಕ್ಕೂ ಅವುಗಳದೇ ಆದ ಕರ್ತೃಗಳೂ ಕಾಲಗಳೂ ಇವೆ. ಇಂಗ್ಲಿಷಿನ ಉಪವಾಕ್ಯ ಎಂದರೆ ಏನೆಂಬುದನ್ನು ಕನ್ನಡದೊಳಗೇ ತೋರಿಸಬೇಕಾದರೆ ಈ ‘ಎಂದು’ ವಾಕ್ಯಗಳಿಗಿಂತ ಒಳ್ಳೆಯ ಮಾದರಿ ಇಲ್ಲ. ‘ಯಾರು ಕಷ್ಟಪಡುತ್ತಾರೋ ಅವರು ಗೆಲ್ಲುತ್ತಾರೆ’ ಎಂಬ ಮಿಶ್ರವಾಕ್ಯವೂ ಇದೇ ಬಗೆಯದು. ‘ಕಷ್ಟಪಡುವವರು ಗೆಲ್ಲುತ್ತಾರೆ’ ಎಂದು ಅದನ್ನೇ ಕುಗ್ಗಿಸಿದಾಗ ಏನು ಕಳೆದುಹೋಯಿತು ಎಂಬುದನ್ನು ಮಕ್ಕಳೇ ಹೇಳುವಂತೆ ಮಾಡಿದರೆ, ಪದಪುಂಜಕ್ಕೂ ಉಪವಾಕ್ಯಕ್ಕೂ ಇರುವ ವ್ಯತ್ಯಾಸ ಇಂಗ್ಲಿಷ್ ಪುಸ್ತಕವನ್ನು ತೆರೆಯುವ ಮುನ್ನವೇ ತಿಳಿದುಬಿಡುತ್ತದೆ.

ಆರಂಭದ ಪದವನ್ನು ನೋಡಿ ತೀರ್ಮಾನಿಸಬಾರದು

‘ಆಫ್ಟರ್’, ‘ಬಿಫೋರ್’, ‘ಸಿನ್ಸ್’, ‘ಅಂಟಿಲ್’ ಎಂಬ ಪದಗಳು ಪದಪುಂಜವನ್ನೂ ಆರಂಭಿಸುತ್ತವೆ, ಉಪವಾಕ್ಯವನ್ನೂ ಆರಂಭಿಸುತ್ತವೆ. ‘ಸಿನ್ಸ್ ಮಂಡೇ’ ಪದಪುಂಜ, ‘ಸಿನ್ಸ್ ಯೂ ಕೇಮ್ ಟು ಬೆಂಗಳೂರು’ ಉಪವಾಕ್ಯ. ಆದ್ದರಿಂದ ಮೊದಲ ಪದ ಏನನ್ನೂ ಸಾಬೀತುಪಡಿಸದು. ಅದರ ಮುಂದೆ ಏನು ಬರುತ್ತದೆ ಎಂಬುದೇ ನಿರ್ಣಾಯಕ. ಇನ್ನು ಕೆಲವು ಪದಗಳಿಗೆ ಮಾತ್ರ ಒಂದೇ ಬಗೆಯ ಸಂಗಾತಿ ಬೇಕು. ‘ಬಿಕಾಸ್ ಆಫ್’, ‘ಡ್ಯೂರಿಂಗ್’, ‘ಡಿಸ್ಪೈಟ್’ ಇವುಗಳ ಮುಂದೆ ಪದಪುಂಜ ಬರಬೇಕು. ‘ಬಿಕಾಸ್’, ‘ಆಲ್ದೋ’ ಇವುಗಳ ಮುಂದೆ ಸಾಮಾನ್ಯವಾಗಿ ಉಪವಾಕ್ಯ ಬರಬೇಕು.

ಸಿಲ್ಕ್ ಬೋರ್ಡ್ ಬಳಿಯ ವಾಹನದಟ್ಟಣೆಯನ್ನು ಕುರಿತು ಒಂದು ವಾಕ್ಯ ಬರೆಯಿರಿ ಎಂದರೆ ‘ಡಿಸ್ಪೈಟ್ ದ ಟ್ರಾಫಿಕ್ ವಾಸ್ ಹೆವಿ, ವಿ ರೀಚ್ಡ್ ಆನ್ ಟೈಮ್’ ಎಂದು ಬರೆಯುವವರಿದ್ದಾರೆ. ‘ದಟ್ಟಣೆ ಇದ್ದರೂ’ ಮತ್ತು ‘ದಟ್ಟಣೆಯ ನಡುವೆಯೂ’ ಎಂಬ ಎರಡು ಮಾತುಗಳು ನಮಗೆ ಹತ್ತಿರದವಾಗಿ ಕೇಳಿಸುವುದರಿಂದ ಈ ತಪ್ಪಾಗುತ್ತದೆ. ‘ಟ್ರಾಫಿಕ್ ವಾಸ್ ಹೆವಿ’ ಎಂಬುದರಲ್ಲಿ ‘ವಾಸ್’ ಇರುವುದರಿಂದ ಅದು ಉಪವಾಕ್ಯ, ಅದಕ್ಕೆ ‘ಆಲ್ದೋ’ ಬೇಕು. ‘ಡಿಸ್ಪೈಟ್’ ಎಂಬುದನ್ನೇ ಉಳಿಸಿಕೊಳ್ಳಬೇಕೆಂದರೆ ‘ಡಿಸ್ಪೈಟ್ ದ ಹೆವಿ ಟ್ರಾಫಿಕ್’ ಎಂದು ಪದಪುಂಜ ಮಾಡಿಕೊಳ್ಳಬೇಕು. ‘ಆಲ್ದೋ’ ಬಳಸಿದ ಮೇಲೆ ಮತ್ತೆ ‘ಬಟ್’ ಸೇರಿಸುವುದೂ ನಮ್ಮಲ್ಲಿ ವ್ಯಾಪಕವಾಗಿದೆ. ಎರಡು ಉಪವಾಕ್ಯಗಳನ್ನು ಹೊಲಿಯಲು ಒಂದು ಜೋಡಣೆಯ ಪದ ಸಾಕು.

‘ವೈಲ್ ವೇಟಿಂಗ್ ಫಾರ್ ದ ಬಸ್’ ಎಂಬಂಥವು ಗಡಿಯಲ್ಲಿ ನಿಲ್ಲುತ್ತವೆ. ‘ವೈಲ್’ ಇದೆ, ಆದರೆ ಕರ್ತೃವೂ ಕಾಲವೂ ಇಲ್ಲ. ‘ವೈಲ್ ಐ ವಾಸ್ ವೇಟಿಂಗ್’ ಎಂಬ ಉಪವಾಕ್ಯ ಕುಗ್ಗಿ ಹೀಗಾಗಿದೆ ಎಂದು ತಿಳಿಯಬಹುದು. ನಮ್ಮ ಶಾಲೆ ಮತ್ತು ಪಿಯುಸಿಯ ವ್ಯಾಕರಣವು ಕಾಲವುಳ್ಳ ಕ್ರಿಯಾಪದವನ್ನೇ ಆಧಾರವಾಗಿ ಹಿಡಿಯುವುದರಿಂದ ಇದನ್ನು ಪದಪುಂಜವೆಂದು ಬರೆಯುವುದೇ ಅಲ್ಲಿನ ರೂಢಿ. ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಲೇಬೇಕು. 1985ರಲ್ಲಿ ರ್‍ಯಾಂಡಾಲ್ಫ್ ಕ್ವಿರ್ಕ್, ಸಿಡ್ನಿ ಗ್ರೀನ್‌ಬಾಮ್, ಜೆಫ್ರಿ ಲೀಚ್ ಮತ್ತು ಯಾನ್ ಸ್ವಾರ್ಟ್‌ವಿಕ್ ಸೇರಿ ಪ್ರಕಟಿಸಿದ ಬೃಹತ್ ಇಂಗ್ಲಿಷ್ ವ್ಯಾಕರಣದಲ್ಲಿಯೂ, 2002ರಲ್ಲಿ ರಾಡ್ನಿ ಹಡಲ್‌ಸ್ಟನ್ ಮತ್ತು ಜೆಫ್ರಿ ಪುಲ್ಲಮ್ ಹೊರತಂದ ವ್ಯಾಕರಣದಲ್ಲಿಯೂ ‘ಟು ಬೈ ಫ್ಲವರ್ಸ್’, ‘ಸೆಲ್ಲಿಂಗ್ ಫ್ಲವರ್ಸ್’ ಎಂಬಂಥವನ್ನು ಕಾಲವಿಲ್ಲದ ಉಪವಾಕ್ಯಗಳೆಂದೇ ವರ್ಗೀಕರಿಸಲಾಗಿದೆ. ಪದವಿಯಲ್ಲಿ ಭಾಷಾವಿಜ್ಞಾನ ಓದುವ ವಿದ್ಯಾರ್ಥಿನಿಯೂ ಆಕೆಯ ತಮ್ಮನಾದ ಎಸ್ಸೆಸ್ಸೆಲ್ಸಿ ಹುಡುಗನೂ ಒಂದೇ ಮಾತಿಗೆ ಬೇರೆ ಬೇರೆ ಹೆಸರು ಹೇಳಿದರೆ ಇಬ್ಬರಲ್ಲಿ ಯಾರೂ ತಪ್ಪು ಹೇಳಿದಂತಾಗುವುದಿಲ್ಲ. ಅವರು ನಿಂತಿರುವ ಶಾಸ್ತ್ರದ ನೆಲೆಗಳು ಬೇರೆ. ಪರೀಕ್ಷೆ ಬರೆಯುವವರು ತಮ್ಮ ಪಠ್ಯಪುಸ್ತಕದ ವ್ಯಾಖ್ಯೆಯನ್ನು ಅನುಸರಿಸಬೇಕು.

ಒಂದು ವಾಕ್ಯವನ್ನು ಪೂರ್ತಿಯಾಗಿ ಬಿಡಿಸುವುದು

ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಕುರಿತ ಈ ವಾಕ್ಯವನ್ನು ಪೆನ್ಸಿಲ್ ಹಿಡಿದು ಬಿಡಿಸೋಣ: ‘ಆನ್ ದ ಲಾಸ್ಟ್ ಮಂಡೇ ಆಫ್ ಕಾರ್ತಿಕ, ಫಾರ್ಮರ್ಸ್ ಹೂ ಗ್ರೋ ಗ್ರೌಂಡ್‌ನಟ್ಸ್ ಬ್ರಿಂಗ್ ದೇರ್ ಕ್ರಾಪ್ ಟು ಬಸವನಗುಡಿ, ವೇರ್ ಪೀಪಲ್ ಗ್ಯಾದರ್ ಟು ಬೈ ಇಟ್.’ ಕಾರ್ತಿಕ ಮಾಸದ ಕೊನೆಯ ಸೋಮವಾರ, ಕಡಲೆಕಾಯಿ ಬೆಳೆಯುವ ರೈತರು ತಮ್ಮ ಬೆಳೆಯನ್ನು ಬಸವನಗುಡಿಗೆ ತರುತ್ತಾರೆ, ಅದನ್ನು ಕೊಳ್ಳಲು ಜನರು ಅಲ್ಲಿ ಸೇರುತ್ತಾರೆ.

ವಾಕ್ಯವನ್ನು ನೂರು ವರ್ಷ ಹಿಂದಕ್ಕೆ ಒಯ್ಯೋಣ. ‘ಗ್ರೋ’ ಎಂಬುದು ‘ಗ್ರೂ’ ಆಗುತ್ತದೆ, ‘ಬ್ರಿಂಗ್’ ಎಂಬುದು ‘ಬ್ರಾಟ್’ ಆಗುತ್ತದೆ, ‘ಗ್ಯಾದರ್’ ಎಂಬುದು ‘ಗ್ಯಾದರ್ಡ್’ ಆಗುತ್ತದೆ. ‘ಬೈ’ ಮಾತ್ರ ಅಲುಗುವುದಿಲ್ಲ. ಈ ಮೂರು ಪದಗಳಿಗೆ ಸುತ್ತು ಹಾಕಬೇಕು. ಸುತ್ತು ಮೂರು, ಆದ್ದರಿಂದ ಉಪವಾಕ್ಯಗಳೂ ಮೂರು. ಇನ್ನು ಕರ್ತೃಗಳ ಕೆಳಗೆ ಗೆರೆ ಎಳೆಯಬೇಕು: ‘ಗ್ರೋ’ ಎಂಬುದಕ್ಕೆ ‘ಹೂ’, ‘ಬ್ರಿಂಗ್’ ಎಂಬುದಕ್ಕೆ ‘ಫಾರ್ಮರ್ಸ್’, ‘ಗ್ಯಾದರ್’ ಎಂಬುದಕ್ಕೆ ‘ಪೀಪಲ್’. ‘ಬ್ರಿಂಗ್’ ಎಂಬುದರ ಕರ್ತೃವು ಅದರಿಂದ ದೂರದಲ್ಲಿರುವುದನ್ನು ಗಮನಿಸಬೇಕು; ನಡುವೆ ‘ಹೂ ಗ್ರೋ ಗ್ರೌಂಡ್‌ನಟ್ಸ್’ ಎಂಬ ಉಪವಾಕ್ಯ ಬಂದು ಕುಳಿತಿದೆ. ವಿದ್ಯಾರ್ಥಿಗಳು ಇಲ್ಲಿ ‘ಗ್ರೌಂಡ್‌ನಟ್ಸ್ ಬ್ರಿಂಗ್’ ಎಂದು ಪಕ್ಕದ ಪದವನ್ನೇ ಕರ್ತೃವೆಂದು ಹಿಡಿದರೆ, ಕಡಲೆಕಾಯಿಗಳೇ ಬೆಳೆಯನ್ನು ಹೊತ್ತು ತಂದಂತಾಗುತ್ತದೆ. ಉಳಿದ ‘ಆನ್ ದ ಲಾಸ್ಟ್ ಮಂಡೇ ಆಫ್ ಕಾರ್ತಿಕ’, ‘ಟು ಬಸವನಗುಡಿ’, ‘ಟು ಬೈ ಇಟ್’ ಎಂಬವು ಪದಪುಂಜಗಳು. ಕೊನೆಯ ಎರಡರಲ್ಲಿಯೂ ‘ಟು’ ಇದ್ದರೂ ಒಂದು ಸ್ಥಳವನ್ನು ಹೇಳುತ್ತದೆ, ಇನ್ನೊಂದು ಉದ್ದೇಶವನ್ನು ಹೇಳುತ್ತದೆ.

ಈ ಅಭ್ಯಾಸದ ಫಲ ಮೊದಲು ಕಾಣುವುದು ಬರವಣಿಗೆಯಲ್ಲಿ. ನಮ್ಮ ಮಕ್ಕಳ ರಜಾ ಅರ್ಜಿಗಳಲ್ಲಿ ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಎಂದು ಬರೆದು ಪೂರ್ಣವಿರಾಮ ಹಾಕಿ, ಮುಂದಿನ ಸಾಲಿನಲ್ಲಿ ‘ಸೋ ಪ್ಲೀಸ್ ಗ್ರಾಂಟ್ ಮಿ ಲೀವ್’ ಎಂದು ಬರೆದಿರುವುದನ್ನು ಎಷ್ಟೋ ಬಾರಿ ಕಂಡಿದ್ದೇನೆ. ಮೊದಲನೆಯದು ಅಧೀನ ಉಪವಾಕ್ಯ. ಅದರಲ್ಲಿ ಕರ್ತೃವಿದೆ, ಕಾಲವಿದೆ, ಆದರೆ ‘ಆಸ್’ ಎಂಬ ಪದ ಅದನ್ನು ಇನ್ನೊಂದಕ್ಕೆ ಕಟ್ಟಿಹಾಕಿದೆ. ಅದನ್ನು ಒಂಟಿಯಾಗಿ ನಿಲ್ಲಿಸಬಾರದು. ಪೂರ್ಣವಿರಾಮದ ಜಾಗದಲ್ಲಿ ಅಲ್ಪವಿರಾಮ ಹಾಕಿ, ‘ಸೋ’ ಎಂಬುದನ್ನು ತೆಗೆದುಹಾಕಿದರೆ ಅರ್ಜಿ ಸರಿಯಾಗುತ್ತದೆ.

ಅಭ್ಯಾಸಕ್ಕೆ ಪುಸ್ತಕವೇ ಬೇಕೆಂದಿಲ್ಲ. ನಾನು ವಿದ್ಯಾರ್ಥಿಗಳಿಗೆ ದಾರಿಯಲ್ಲಿ ಕಾಣುವ ಫಲಕಗಳನ್ನು ಬಿಡಿಸಲು ಹೇಳುತ್ತೇನೆ. ‘ನೋ ಪಾರ್ಕಿಂಗ್’ ಪದಪುಂಜ. ‘ಡು ನಾಟ್ ಪಾರ್ಕ್ ಹಿಯರ್’ ಅಡಗಿದ ಕರ್ತೃವುಳ್ಳ ಉಪವಾಕ್ಯ. ಬಸ್ಸಿನೊಳಗಿನ ‘ಲೇಡೀಸ್ ಓನ್ಲಿ’ ಪದಪುಂಜ. ಮೆಟ್ರೋದಲ್ಲಿ ‘ಡೋರ್ಸ್ ವಿಲ್ ಓಪನ್ ಆನ್ ದ ಲೆಫ್ಟ್’ ಎಂದು ಕೇಳಿಸಿದರೆ ಅದು ಉಪವಾಕ್ಯ, ಅದರೊಳಗಿನ ‘ಆನ್ ದ ಲೆಫ್ಟ್’ ಪದಪುಂಜ. ನಮ್ಮ ಬಡಾವಣೆಗಳ ಗೇಟುಗಳಿಗೆ ತೂಗುಹಾಕಿರುವ ‘ಟು ಲೆಟ್’ ಎಂಬುದರಲ್ಲಿ ಬಾಡಿಗೆಗೆ ಕೊಡುವ ಕ್ರಿಯೆಯಿದೆ, ಆದರೆ ಕಾಲವೂ ಇಲ್ಲ, ಕೊಡುವವರ ಹೆಸರೂ ಇಲ್ಲ, ಅದು ಪದಪುಂಜ. ಅದೇ ಗೇಟಿನ ಮೇಲೆ ಕನ್ನಡದಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂದು ಬರೆದಿದ್ದರೆ, ‘ಮನೆ’ ಎಂಬ ಕರ್ತೃವೂ ‘ಇದೆ’ ಎಂಬ ಕ್ರಿಯಾಪದವೂ ಸೇರಿ ಅದು ಪೂರ್ಣ ವಾಕ್ಯವೇ ಆಗಿರುತ್ತದೆ.